ಪೀಣ್ಯದ ವಾಲ್ವು

ಕುಂದಲಹಳ್ಳಿಯ ಶಶಿಕುಮಾರನಂಥ ಪುಕ್ಕಲ ಆ ಸುತ್ತಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ನಾಯಿ ಕಂಡರೆ ಭಯ, ಲಿಫ್ಟ್ ಕಂಡರೆ ಭಯ, ಅಪ್ಪ ಗೋಪಾಲಪ್ಪ ಜೋರಾಗಿ ಕೆಮ್ಮಿದರೂ ಭಯ. ಆದರೆ ಕೈಗೆ ಸ್ಕ್ರೂಡ್ರೈವರ್ ಬಂದು, ಎದುರಿಗೊಂದು ಲ್ಯಾಪ್‌ಟಾಪ್ ಬಾಯಿ ತೆರೆದು ಕೂತಿತೆಂದರೆ ಆ ಭಯವೆಲ್ಲ ಎಲ್ಲಿಗೋ ಹೋಗಿ ಅಡಗುತ್ತಿತ್ತು. ಅದಕ್ಕೇ ಅವನು ಅಪ್ಪನ ಬಿಲ್ಡಿಂಗಿನ ಕೆಳಗಿನ ಮಳಿಗೆಯಲ್ಲಿ ಫೋನು, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ.

"ಮೇಲೆ ಬಾಡಿಗೆದಾರ್ರನ್ನ ನೋಡ್ಕಂಡು ತೆಪ್ಪಗಿರೋದು ಬುಟ್ಟು, ಯಾರ್ಯಾರ್ದೋ ಫೋನಿನ ಧೂಳು ಊದ್ಕಂಡ್ ಕುಂತವ್ನೆ" ಎಂದು ಗೋಪಾಲಪ್ಪ ಬೈಯುತ್ತಿದ್ದರು. ಮಗ ತಲೆ ತಗ್ಗಿಸಿ ಧೂಳು ಊದುತ್ತಿದ್ದ.

ಈಚೆಗೆ ಅವನಿಗೆ ಇನ್ನೊಂದು ಭಯ ಅಂಟಿಕೊಂಡಿತ್ತು. ಅದರ ಹೆಸರು ಸ್ಪೂರ್ತಿ.

ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ತಾಯಿಯ ಜೊತೆ ಇರುವ ಹುಡುಗಿ. ವೈಟ್‌ಫೀಲ್ಡಿನ ಒಂದು ಆಫೀಸಿನಲ್ಲಿ ಕೆಲಸ. ಮೊದಲ ಸಲ ಮುರಿದ ಲ್ಯಾಪ್‌ಟಾಪ್ ಹಿಡಿದು ಬಂದಿದ್ದಳು. ಆಮೇಲೆ ಫೋನಿನ ಬ್ಯಾಟರಿಗೆ ಬಂದಳು. ಕೊನೆಗೆ ಒಂದು ಇಯರ್‌ಫೋನ್ ತಂದಳು, ಅದಕ್ಕೆ ಏನೂ ಆಗಿರಲಿಲ್ಲ. ಏನೂ ಆಗದ ವಸ್ತುವನ್ನು ಒಬ್ಬ ಹುಡುಗಿ ಯಾಕೆ ರಿಪೇರಿಗೆ ತರುತ್ತಾಳೆ ಎಂದು ಯೋಚಿಸಿ ಯೋಚಿಸಿ ಶಶಿಯ ಊಟ ಕಡಿಮೆಯಾಗಿತ್ತು.

ಹಾಗಾಗಿ ಆ ಶನಿವಾರ ಅವಳ ಆಟೋ ಅಂಗಡಿಯ ಮುಂದೆ ನಿಂತಾಗ ಅವನು ಕೆಟ್ಟುಹೋದ ಫೋನೊಂದರ ಗಾಜಿನಲ್ಲಿ ಮುಖ ನೋಡಿಕೊಂಡು ಗಡಿಬಿಡಿಯಲ್ಲಿ ಕೂದಲು ಒತ್ತಿಕೊಂಡ.

"ಶಶಿ ಅವರೇ, ಒಂದ್ನಿಮಿಷ ಹೊರಗೆ ಬರ್ತೀರಾ? ನಿಮ್ಮ ಹತ್ರ ಒಂದು ವಿಷಯ ಕೇಳ್ಬೇಕು. ಇಲ್ಲ ಅನ್ನಬಾರದು."

ಶಶಿ ಸ್ಕ್ರೂಡ್ರೈವರ್ ಕೆಳಗಿಟ್ಟು ಹೊರಗೆ ಬಂದ. ಕಾಫಿಗೆ ಕರೆಯುತ್ತಾಳೋ, ಅಥವಾ ಅದಕ್ಕಿಂತ ದೊಡ್ಡದೇನಾದರೂ ಕೇಳುತ್ತಾಳೋ! ಕಣ್ಣ ಕೆಳಗೆ ಕಪ್ಪಾಗಿತ್ತು ಅವಳಿಗೆ, ಆದರೂ ಆ ಕಣ್ಣುಗಳು ಅವನನ್ನು ಬಿಟ್ಟು ಕದಲುತ್ತಿರಲಿಲ್ಲ. "ಇಲ್ಲ ಅನ್ನಲ್ಲ ಮೇಡಂ" ಎಂದುಬಿಟ್ಟ.

ಅವಳು ಆಟೋದೊಳಗೆ ಕೈ ತೋರಿಸಿದಳು. ಅಲ್ಲಿ ಚಕ್ರವಿದ್ದ ಸೂಟ್‌ಕೇಸಿನಷ್ಟು ದೊಡ್ಡದೊಂದು ಬಿಳಿಯ ಮಷೀನು ಕೂತಿತ್ತು.

"ಆಕ್ಸಿಜನ್ ಕಾನ್ಸಂಟ್ರೇಟರ್. ಅಮ್ಮಂದು. ಕೋವಿಡ್ ಆದ್ಮೇಲೆ ಅವರ ಲಂಗ್ಸ್ ಅರ್ಧಕ್ಕರ್ಧ ಹೋಗಿದೆ. ಇದು ರೂಮಿನ ಗಾಳಿ ಎಳ್ಕೊಂಡು ಅದ್ರಿಂದ ಆಕ್ಸಿಜನ್ ಬೇರೆ ಮಾಡಿ ಪೈಪಲ್ಲಿ ಮೂಗಿಗೆ ಕೊಡತ್ತೆ. ಮೊನ್ನೆ ನಿಂತೋಯ್ತು."

ಶಶಿಯ ಮುಖದ ಮೇಲಿನ ಹೊಳಪು ಇಳಿದುಹೋಯಿತು. "ಮೇಡಂ, ಇದನ್ನ ಕಂಪನಿಯವರಿಗೇ..."

"ಕೊಟ್ಟೆ. ಒಳಗೆ ಒಂದು ವಾಲ್ವ್ ಸುಟ್ಟಿದೆಯಂತೆ. ಬರೀ ವಾಲ್ವ್ ಮಾರಲ್ವಂತೆ, ಹೊಸ ಮಷೀನೇ ತಗೋಬೇಕಂತೆ. ತಗೋತೀನಿ ಅಂದ್ರೆ ಸ್ಟಾಕ್ ಇಲ್ಲ, ಮುಂದಿನ ತಿಂಗಳು ನೋಡೋಣ ಅಂತಾರೆ. ಅಲ್ಲಿವರೆಗೂ ಅಮ್ಮ ಉಸಿರು ಬಿಗಿಹಿಡ್ಕೊಂಡು ಕೂತಿರ್ಬೇಕಾ? ಈಗ ಸಿಲಿಂಡರ್ ಮೇಲೆ ಇದ್ದಾರೆ. ದಿನಾ ಬೆಳಗ್ಗೆ ಸಿಲಿಂಡರ್ ಗಾಡಿ ಬರತ್ತೋ ಇಲ್ವೋ ಅಂತ ಗೇಟಲ್ಲಿ ಕಾಯ್ತಾ ನಿಂತಿರ್ತೀನಿ."

"ಫೋನ್ ರಿಪೇರಿ ಕೆಟ್ರೆ ಜನ ಬಂದು ಬೈದು ಹೋಗ್ತಾರೆ. ಇದು ಕೆಟ್ರೆ..." ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಇದು ಕೆಟ್ರೆ ಏನಾಗತ್ತೆ ಅಂತ ನಿಮಗಿಂತ ಚೆನ್ನಾಗಿ ನಂಗೊತ್ತು." ಅವಳು ಆಟೋದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾವು ದುಡಿದು ತಗೊಂಡಿರೋ ಮಷೀನು. ಅದರೊಳಗಿನ ಬೆರಳಷ್ಟು ಉದ್ದದ ವಾಲ್ವ್ ಬದಲಾಯಿಸೋಕೂ ಅವರ ಅಪ್ಪಣೆ ಬೇಕಾ? ಹೊರಗಿನ ಪಾರ್ಟ್ ಹಾಕೋಕೆ ಆಗತ್ತೋ ಆಗಲ್ವೋ, ಅದೊಂದು ನಿಜ ಹೇಳಿ ಸಾಕು."

"ಆಗತ್ತೆ."

ಸುಳ್ಳು ಹೇಳಲೂ ಧೈರ್ಯ ಬೇಕು, ಅದು ಅವನಲ್ಲಿ ಇರಲಿಲ್ಲ. ಹಾಗೆ ಆ ಮಷೀನು ಅಂಗಡಿಯ ಒಳಗೆ ಬಂತು.

ಮರುದಿನ ಬೆಳಗ್ಗೆಯೇ ಅವನು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಪೀಣ್ಯಕ್ಕೆ ಹೋದ. ಅಲ್ಲಿ ಚಿಕ್ಕಮುನಿಯಪ್ಪ ಎಂಬ ಪರಿಚಯದವರು ಒಂದು ಶೆಡ್ಡಿನಲ್ಲಿ ಪ್ಯಾಕಿಂಗ್ ಮಷೀನುಗಳಿಗೆ ಗಾಳಿಯ ವಾಲ್ವು ತಯಾರಿಸುತ್ತಿದ್ದರು. ಭಾನುವಾರವೂ ಅವರ ಶೆಡ್ಡಿಗೆ ರಜೆ ಇರಲಿಲ್ಲ. ಸುಟ್ಟ ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡಿ, "ಇಂಥದ್ದು ಬೇಕಾದಷ್ಟವೆ. ಯಾವ ಮಷೀನಿಗೆ?" ಎಂದರು.

"ಒಬ್ಬರ ಉಸಿರಿಗೆ ಸಾರ್."

ಚಿಕ್ಕಮುನಿಯಪ್ಪ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. "ಬಿಸ್ಕೆಟ್ ಮಷೀನಿಗಾಗಿದ್ರೆ ಕಣ್ಮುಚ್ಕೊಂಡು ಕೊಟ್ಬಿಡ್ತಿದ್ದೆ ಕಣಪ್ಪ. ಇದಕ್ಕೆ ಒಂಚೂರೂ ಎಣ್ಣೆ ಜಿಡ್ಡು ಇರಂಗಿಲ್ಲ. ಕೂತ್ಕೋ."

ಅವರು ಒಂದು ಹೊಸ ವಾಲ್ವನ್ನು ಆರಿಸಿ, ತೊಳೆದು, ಒಣಗಿಸಿ, ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಹಿಡಿದರು. ಶಶಿ ಬಗ್ಗಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಮತ್ತೆ ಮುಳುಗಿಸಿ ಸಾರ್ ಅಂದ. ಮತ್ತೆ ಮುಳುಗಿಸಿದರು. ಸಂಜೆಯವರೆಗೂ ಇದೇ ಆಯಿತು. "ನಿನ್ನಂಥ ಹೆದರುಪುಕ್ಕಲ ಗಿರಾಕಿನ ನಾ ನೋಡೇ ಇಲ್ಲ" ಎಂದು ನಗುತ್ತಾ ಕಳಿಸಿದರು.

ವಾಲ್ವು ಅಳತೆಗೆ ಸರಿಯಾಗಿ ಕೂತಿತು. ಜೊತೆಗೆ ಗಾಳಿಯ ಫಿಲ್ಟರನ್ನೂ ಹೊಸದು ಹಾಕಿದ. ಬ್ರೂಕ್‌ಫೀಲ್ಡಿನ ಮನೆಯಲ್ಲಿ ಸ್ವಿಚ್ ಹಾಕಿದಾಗ ಮಷೀನು ಗುರ್ರೆಂದು ಉಸಿರೆಳೆದು ಶುರುವಾಯಿತು. ಶಶಿ ಆಕ್ಸಿಜನ್ ಅಳೆಯಲೆಂದೇ ತಂದಿದ್ದ ಮೀಟರನ್ನು ಪೈಪಿನ ತುದಿಗೆ ಹಿಡಿದ. ಎಷ್ಟು ಬರಬೇಕೋ ಅಷ್ಟೂ ಆಕ್ಸಿಜನ್ ಬರುತ್ತಿತ್ತು. ಸ್ಪೂರ್ತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಬೆರಳುಗಳ ಮೇಲಿಂದ ಅವಳ ಕಣ್ಣುಗಳು ಮಾತ್ರ ಅವನನ್ನು ನೋಡುತ್ತಿದ್ದವು. ಆ ನೋಟಕ್ಕಾಗಿ ಪೀಣ್ಯಕ್ಕೆ ನಡೆದುಕೊಂಡೇ ಹೋಗಬಹುದಿತ್ತು ಎಂದು ಅವನಿಗೆ ಅನ್ನಿಸಿತು.

ಅಷ್ಟರಲ್ಲಿ ಮಷೀನಿನ ಮೇಲೆ ಕೆಂಪು ದೀಪ ಹೊತ್ತಿಕೊಂಡು ಅದು ಟೀಂ ಟೀಂ ಎಂದು ಕೂಗತೊಡಗಿತು.

ಕಂಪನಿ ಅದನ್ನು ಹಾಗೆ ಮಾಡಿಟ್ಟಿತ್ತು. ಮಷೀನಿಗೆ ತನ್ನ ಕಂಪನಿಯ ವಾಲ್ವಿನ ಗುರುತು ಗೊತ್ತು. ಬೇರೆ ಯಾರದ್ದೇ ಹಾಕಿದರೂ ಕೆಲಸವೇನೋ ಮಾಡುತ್ತದೆ, ಆದರೆ ಆಗಾಗ ಕೆಂಪಾಗಿ ಕೂಗುತ್ತದೆ. ಸ್ಪೂರ್ತಿ ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ, ಹೊರಗಿನವರು ಬಿಚ್ಚಿದ ಮಷೀನನ್ನು ಇನ್ನು ನಾವು ಮುಟ್ಟುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿ ಇಟ್ಟುಬಿಟ್ಟರು.

ಸ್ಪೂರ್ತಿಯ ತಾಯಿ ರುದ್ರಮ್ಮ ಹಾಸಿಗೆಯ ಮೇಲೆ ಸೆಟೆದು ಕೂತಿದ್ದರು. ರಾಣೆಬೆನ್ನೂರಿನ ಕಡೆಯವರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೂಗಿನಲ್ಲಿ ಪೈಪು. "ಯಾಕೋ ತಮ್ಮಾ, ಹಿಂಗ್ಯಾಕ ಒದರತೈತಿ ಇದು? ನನಗ ಎದಿ ನಡುಗತೈತಿ ನೋಡು."

ಆಕ್ಸಿಜನ್ ಕಡಿಮೆಯಾದರೂ ಅದೇ ಕೆಂಪು ದೀಪ, ಅದೇ ಕೂಗು ಎಂದು ಶಶಿ ಮ್ಯಾನ್ಯುಯಲ್‌ನಲ್ಲಿ ಓದಿದ್ದ. ಹೇಳಬೇಕೆಂದು ಬಾಯಿ ತೆರೆದ. ತಾಯಿಯ ಗಾಬರಿ ನೋಡಿ ಸ್ಪೂರ್ತಿಯ ಮುಖವೂ ಬಿಳುಚಿಕೊಳ್ಳುತ್ತಿತ್ತು. ಆ ಮುಖವನ್ನು ಅವನಿಂದ ನೋಡಲಾಗಲಿಲ್ಲ.

"ಅದು ಕೂಗ್ತಿರತ್ತೆ ಅಮ್ಮಾ. ಬೇರೆ ಕಂಪನಿ ವಾಲ್ವ್ ಅಂತ ಕೂಗೋದು, ಅಷ್ಟೇ. ತಲೆ ಕೆಡಿಸ್ಕೋಬೇಡಿ."

ಹುಟ್ಟಿದಾಗಿನಿಂದ ಎಲ್ಲದಕ್ಕೂ ಹೆದರಿದವನು ಅವತ್ತು ಮೊದಲ ಸಲ ಇನ್ನೊಬ್ಬರಿಗೆ ಹೆದರಬೇಡಿ ಎಂದ. ಹೇಳಬಾರದ ಜಾಗದಲ್ಲಿ ಹೇಳಿದ.

ಅಂದಿನಿಂದ ಅವನು ದಿನವೂ ಸಂಜೆ ಮೀಟರ್ ಹಿಡಿದು ಬರತೊಡಗಿದ. ಲಿಫ್ಟಿಗೆ ಹೆದರಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುವವನಿಗೆ ರುದ್ರಮ್ಮ, "ಬಾ, ನೀನೂ ಒಂಚೂರು ಪೈಪ್ ಹಚ್ಕೋ" ಎಂದು ತಮಾಷೆ ಮಾಡುತ್ತಿದ್ದರು. ಸ್ಪೂರ್ತಿ ಆಫೀಸಿನಿಂದ ಬಂದವಳು ಕೊರಳಿನ ಐಡಿ ಕಾರ್ಡನ್ನೂ ತೆಗೆಯದೆ ಒಗ್ಗರಣೆ ಮಂಡಕ್ಕಿ ಕಲಸಿ ತಂದು ಅವನ ಮುಂದಿಡುತ್ತಿದ್ದಳು.

"ನೀವು ದಿನಾ ಮೀಟರ್ ನೋಡೋಕೆ ಬರ್ತೀರೋ, ಮಂಡಕ್ಕಿ ತಿನ್ನೋಕೆ ಬರ್ತೀರೋ?"

"ಮೀಟರ್ ನೋಡೋಕೆ ಮೇಡಂ."

"ಮೀಟರ್ ಆ ಕಡೆ ಇದೆ. ನೀವು ಈ ಕಡೆ ನೋಡ್ತಿದ್ದೀರ."

ಅವನ ಕಿವಿ ಕೆಂಪಾಯಿತು. ಬಾಯಿಯಲ್ಲಿದ್ದ ಮಂಡಕ್ಕಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಅವಳು ನೀರು ಕೊಟ್ಟಳು. ಲೋಟ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಅವಳು ಕೈಯನ್ನು ತಕ್ಷಣ ತೆಗೆಯಲಿಲ್ಲ. ಅವನೇ ಹೆದರಿ ತೆಗೆದುಕೊಂಡ.

ರುದ್ರಮ್ಮನಿಗೆ ಒಂದೇ ಕೊರಗು. ಆಕ್ಸಿಜನ್ ಇರುವ ಕೋಣೆಯಲ್ಲಿ ಬೆಂಕಿ ಕೂಡದೆಂದು ಸ್ಪೂರ್ತಿ ಮನೆಯಲ್ಲಿ ದೀಪ, ಕರ್ಪೂರ, ಧೂಪ ಎಲ್ಲವನ್ನೂ ನಿಲ್ಲಿಸಿದ್ದಳು. "ಊಟಕ್ಕ ಉಪ್ಪಿಲ್ಲ, ಲಿಂಗಪೂಜಿಗೆ ಧೂಪ ಇಲ್ಲ. ಇದೆಂಥಾ ಬಾಳೇವು ಹೇಳು ತಮ್ಮಾ" ಎಂದು ಶಶಿಯ ಮುಂದೆ ದೂರುತ್ತಿದ್ದರು. ಮಗಳು ಕಣ್ಣು ಬಿಟ್ಟರೆ ಸುಮ್ಮನಾಗುತ್ತಿದ್ದರು.

ಒಂದು ಸಂಜೆ ಅವನನ್ನು ಬೀಳ್ಕೊಡಲು ಮೆಟ್ಟಿಲ ತನಕ ಬಂದ ಸ್ಪೂರ್ತಿ ಕೇಳಿದಳು. "ನಿಮಗೆ ಯಾವಾಗ್ಲೂ ಯಾಕಿಷ್ಟು ಭಯ?"

"ನಿಮಗೆ ಆಗಲ್ವಾ?"

"ಆಗ್ದೇ ಏನು? ಮೀಟಿಂಗ್ ಮಧ್ಯೆ ಫೋನ್ ಬಂದ್ರೆ ಸಾಕು, ಮನೆಯಿಂದಾನಾ ಅಂತ ಜೀವ ಬಾಯಿಗೆ ಬರತ್ತೆ. ಆದ್ರೆ ನೀವು ಆ ವಾಲ್ವ್ ಹಾಕಿದ್ಮೇಲೆ..." ಅವಳು ಕಣ್ಣು ಬೇರೆಡೆ ತಿರುಗಿಸಿದಳು. "ಸ್ವಲ್ಪ ನಿದ್ದೆ ಬರ್ತಿದೆ ಶಶಿ."

ಮೊದಲ ಸಲ ಬರೀ ಶಶಿ ಅಂದಿದ್ದಳು. ಅವನು ಸಂತೋಷದಲ್ಲಿ ತೇಲಿಕೊಂಡು ಮೆಟ್ಟಿಲಿಳಿಯಬೇಕಿತ್ತು. ಆದರೆ ಪ್ರತಿ ಮೆಟ್ಟಿಲಿಗೂ ಕಾಲು ಭಾರವಾಯಿತು. ಅವಳ ನಿದ್ದೆ, ಅವಳ ತಾಯಿಯ ಉಸಿರು, ಎರಡೂ ತಾನು ಕೂರಿಸಿದ ಒಂದು ವಾಲ್ವಿನ ಮೇಲೆ ನಿಂತಿವೆ. ಅದು ಕೈಕೊಟ್ಟರೆ? ಪಾತ್ರೆ ಬಿದ್ದ ಸದ್ದಿಗೂ ಅವನು ಬೆಚ್ಚಿಬೀಳತೊಡಗಿದ.

ಒಂದು ಗುರುವಾರ ಮಧ್ಯಾಹ್ನ ಅವನ ಫೋನ್ ಕೂಗಿತು. ಸ್ಪೂರ್ತಿಯ ಕರೆ.

"ಶಶಿ, ಅವ್ವ ಫೋನ್ ಎತ್ತುತ್ತಿಲ್ಲ. ಪಕ್ಕದ ಮನೆಯವರೂ ಊರಲ್ಲಿಲ್ಲ. ನಾನು ಕ್ಯಾಬ್‌ನಲ್ಲಿದ್ದೀನಿ, ಎಲ್ಲಾ ಜಾಮ್. ನೀವು ಹತ್ರ ಇದೀರ. ಪ್ಲೀಸ್..."

ಅಂಗಡಿಯ ಬಾಗಿಲನ್ನೂ ಎಳೆಯದೆ ಅವನು ಸ್ಕೂಟರ್ ಹತ್ತಿದ. ಕುಂದಲಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸುಗಳ ಮಧ್ಯೆ ಒಂದಿಂಚೂ ಸರಿಯಲು ಆಗಲಿಲ್ಲ. ಸ್ಕೂಟರನ್ನು ಫುಟ್‌ಪಾತಿಗೆ ಒರಗಿಸಿ ಓಡಿದ. ಗೇಟಿನಲ್ಲಿ ನಾಯಿ ಬೊಗಳಿತು, ಅವನಿಗೆ ಕೇಳಿಸಲಿಲ್ಲ. ಲಿಫ್ಟ್ ತೆರೆದಿತ್ತು, ಹತ್ತಿದ. ಬಾಗಿಲಿಗೆ ನಂಬರ್ ಒತ್ತಿ ತೆಗೆಯುವ ಬೀಗ. ಸ್ಪೂರ್ತಿ ಫೋನಿನಲ್ಲಿ ನಂಬರ್ ಹೇಳುತ್ತಿದ್ದಳು, ಅವನ ಬೆರಳು ಬೇರೆಯದನ್ನೇ ಒತ್ತುತ್ತಿತ್ತು. ಬಾಗಿಲಿನ ಆಚೆಯಿಂದ ಕೇಳಿಬರುತ್ತಿತ್ತು, ಟೀಂ ಟೀಂ, ಟೀಂ ಟೀಂ.

"ತೆಗೀರಿ ಶಶಿ! ತೆಗೀರಿ!" ಅವಳು ಫೋನಿನಲ್ಲಿ ಕಿರುಚಿದಳು.

ಬೀಗ ತೆರೆಯಿತು. ರುದ್ರಮ್ಮ ಹಾಸಿಗೆಯ ಮೇಲೆ ಒಂದು ಪಕ್ಕಕ್ಕೆ ವಾಲಿದ್ದರು. ತುಟಿ ನೀಲಿಗಟ್ಟಿತ್ತು. ಮೂಗಿನಲ್ಲಿ ಪೈಪು ಇದ್ದೇ ಇತ್ತು, ಮಷೀನು ಓಡುತ್ತಲೇ ಇತ್ತು, ಕೆಂಪು ದೀಪ ಕೂಗುತ್ತಲೇ ಇತ್ತು. ಶಶಿ ಪೈಪನ್ನು ಕಿತ್ತು ಮೂಲೆಯ ಸಿಲಿಂಡರಿಗೆ ಸಿಕ್ಕಿಸಿದ. ಸಿಲಿಂಡರಿನ ಬಿಗಿಯಾದ ತಿರುಪನ್ನು ತಿರುಗಿಸುವಾಗ ಅಂಗೈ ಸುಲಿದುಹೋಯಿತು. "ಅಮ್ಮಾ, ಎಳ್ಕೊಳಿ. ಉಸಿರು ಎಳ್ಕೊಳಿ ಅಮ್ಮಾ" ಎಂದು ಅಳುತ್ತಾ ಅವರ ಬೆನ್ನನ್ನು ಎತ್ತಿ ಹಿಡಿದು ಕೂತ. ಎಷ್ಟು ಹೊತ್ತೋ ಏನೋ, ರುದ್ರಮ್ಮ ಒಂದು ದೊಡ್ಡ ಉಸಿರು ಎಳೆದರು.

ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೆ ಅಪಾಯವಿಲ್ಲ ಎಂದರು. ಸ್ವಲ್ಪ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದೂ ಅಂದರು. ಕಾರಿಡಾರಿನಲ್ಲಿ ಸ್ಪೂರ್ತಿ ಗೋಡೆಗೆ ಒರಗಿ ನಿಂತಿದ್ದಳು. ಹುಬ್ಬಳ್ಳಿಯಿಂದ ಅವಳ ಅಣ್ಣ ರುದ್ರೇಶ ಫೋನಿನಲ್ಲಿ ಕೂಗಾಡುತ್ತಿದ್ದುದು ಶಶಿಗೂ ಕೇಳಿಸುತ್ತಿತ್ತು. ಯಾವನೋ ಅಂಗಡಿಯವನ ಲೋಕಲ್ ಪಾರ್ಟ್ ಹಾಕಿಸಿ ಅವ್ವನ್ನ ಕೊಲ್ಲಾಕ ಹೊಂಟಿದ್ದಿ ಏನು ಎನ್ನುತ್ತಿದ್ದ.

ಫೋನ್ ಇಟ್ಟು ಅವಳು ಶಶಿಯ ಕಡೆ ತಿರುಗಿದಳು. "ವಾಲ್ವ್ ಕೆಟ್ಟೋಯ್ತಾ?"

"ಗೊತ್ತಿಲ್ಲ. ನಿನ್ನೆ ಸಂಜೆ ಮೀಟರ್ ಸರೀನೇ ತೋರಿಸ್ತು."

"ಬೆಳಗ್ಗೆಯಿಂದ ಕೂಗ್ತಿತ್ತಂತೆ. ಆ ಹುಡುಗ ತಲಿ ಕೆಡಿಸ್ಕೋಬ್ಯಾಡ ಅಂದಿದ್ದ, ಅದಕ್ಕ ಸುಮ್ನಿದ್ದೆ ಅಂತಿದಾರೆ ಅವ್ವ."

ಅವನಿಗೆ ನೆಲ ಕುಸಿದಂತಾಯಿತು.

"ನಿಮ್ಮ ಮಾತು ನಂಬ್ಕೊಂಡು ನಿದ್ದೆ ಮಾಡ್ದೆ ನಾನು" ಎಂದಳು ಸ್ಪೂರ್ತಿ. ಸಿಟ್ಟಿಗಿಂತ ಹೆಚ್ಚು ಸುಸ್ತು ಆ ದನಿಯಲ್ಲಿತ್ತು. "ಈಗ ಹೋಗಿ. ದಯವಿಟ್ಟು ಹೋಗಿ."

ಕೆಲವು ದಿನಗಳ ಮೇಲೆ ಮಷೀನು ಮತ್ತೆ ಅವನ ಅಂಗಡಿಗೆ ಬಂತು, ಏನಾಗಿದೆ ನೋಡಿ ಎಂದು ಸ್ಪೂರ್ತಿ ಕಳಿಸಿದ್ದಳು. ಅವನು ಅದನ್ನು ಬೆಂಚಿನ ಮೇಲಿಟ್ಟು ಎದುರಿಗೆ ಕೂತ. ಸ್ಕ್ರೂಡ್ರೈವರ್ ಹಿಡಿದರೆ ಭಯ ಓಡಿಹೋಗುತ್ತಿದ್ದ ಕಾಲ ಮುಗಿದಿತ್ತು. ಬಿಚ್ಚಿದರೆ ಗೊತ್ತಾಗುತ್ತದೆ. ವಾಲ್ವು ಕೆಟ್ಟಿದ್ದರೆ, ಒಂದು ಜೀವ ತೆಗೆಯಲು ಹೊರಟಿದ್ದವನು ತಾನೇ ಎಂದು ಖಾತ್ರಿಯಾಗುತ್ತದೆ. ಬಿಚ್ಚದಿದ್ದರೆ ಕನಿಷ್ಠ ಅನುಮಾನವಾದರೂ ಉಳಿಯುತ್ತದಲ್ಲ! ಗಿರಾಕಿಗಳು ಬಂದು ಅವನ ಮುಖ ನೋಡಿ ವಾಪಸು ಹೋದರು.

ಗೋಪಾಲಪ್ಪ ಮೇಲಿನಿಂದ ಇಳಿದು ಬಂದು ಬಾಗಿಲಲ್ಲಿ ನಿಂತರು. "ಅನ್ನ ಬುಟ್ಟು ಇಂಗೆ ಕುಂತ್ರೆ ಏನಾಯ್ತದ್ಲಾ? ನೋಡ್ದೆ ಸಾಯೋಕಿಂತ ನೋಡಿ ಸಾಯಿ. ಬಿಚ್ಚು ಅದ್ನ."

ಅಪ್ಪನ ಭಯಕ್ಕಾದರೂ ಅವನು ಬಿಚ್ಚಿದ.

ವಾಲ್ವು ಟಕ್ ಟಕ್ ಎಂದು ಚೊಕ್ಕವಾಗಿ ಬಡಿಯುತ್ತಿತ್ತು. ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದ, ಗುಳ್ಳೆ ಬರಲಿಲ್ಲ. ಹಾಗಾದರೆ ಇನ್ನೇನು? ಗಾಳಿ ಎಳೆದುಕೊಳ್ಳುವ ಹಿಂಬದಿಯ ಮುಚ್ಚಳ ತೆಗೆದು, ಒಳಗಿನ ಫಿಲ್ಟರನ್ನು ಹೊರಗೆಳೆದ. ಅದು ಮಸಿಯ ಬಟ್ಟೆಯಂತಾಗಿತ್ತು. ನಡುವೆ ಬಿಳಿಯ ಬೂದಿ ಗಟ್ಟಿಯಾಗಿ ಕೂತಿತ್ತು. ಮೂಗಿನ ಹತ್ತಿರ ತಂದ. ಲೋಬಾನದ ವಾಸನೆ.

ಮರುದಿನ ಸ್ಪೂರ್ತಿ ಆಫೀಸಿಗೆ ಹೋದ ಹೊತ್ತು ನೋಡಿ ಅವನು ಬ್ರೂಕ್‌ಫೀಲ್ಡಿಗೆ ಹೋದ. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ರುದ್ರಮ್ಮನಿಗೆ ಬಾಡಿಗೆಯ ಮಷೀನೊಂದನ್ನು ಹಚ್ಚಿದ್ದರು. ಪಕ್ಕದಲ್ಲಿ ನೋಡಿಕೊಳ್ಳಲು ಒಬ್ಬ ನರ್ಸ್ ಕೂತಿದ್ದರು. ನರ್ಸ್ ನೀರು ತರಲು ಎದ್ದಾಗ ಅವನು ಫಿಲ್ಟರನ್ನು ತೋರಿಸಿದ. ರುದ್ರಮ್ಮನ ಮುಖ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತಾಯಿತು.

"ಆಕಿ ಆಫೀಸಿಗೆ ಹ್ವಾದ ಮ್ಯಾಲ ಹಚ್ತಿದ್ದೆ ತಮ್ಮಾ. ಧೂಪ ಇಲ್ಲದ ಪೂಜಿ ಮನಸ್ಸಿಗೆ ಬರಂಗಿಲ್ಲ. ಪೈಪ್ ತಗದು, ಮಷೀನ್ ಬಂದ್ ಮಾಡಿ, ಕೆಂಡ ಹಾಕ್ತಿದ್ದೆ. ಬೆಂಕಿ ಆರಿದ ಮ್ಯಾಲ ಹೊಗಿ ಉಳೀತಿತ್ತಲ್ಲ, ಮಷೀನ್ ಮತ್ತ ಚಾಲೂ ಮಾಡಿ ಧೂಪದ ಬಟ್ಟಲಾ ಅದರ ಹಿಂದ ಇಡ್ತಿದ್ದೆ. ಇದು ಹೊಗಿ ಎಲ್ಲಾ ಎಳ್ಕೊಂತಿತ್ತು ನೋಡು, ಸಂಜಿಗೆ ಆಕಿ ಬರೂದ್ರಾಗ ಮನ್ಯಾಗ ವಾಸನಿನs ಇರ್ತಿರ್ಲಿಲ್ಲ."

ಶಶಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಉಸಿರಿನ ಮಷೀನಿಗೇ ಹೊಗೆ ಕುಡಿಸಿ, ಮಗಳ ಮೂಗಿನಿಂದ ತಪ್ಪಿಸಿಕೊಂಡಿದ್ದರು ಈ ತಾಯಿ. "ಅಮ್ಮಾ, ಆರಿದೆ ಅಂದ್ಕೊಂಡ ಕೆಂಡ ಆರಿರಲ್ಲ. ಆಕ್ಸಿಜನ್ ಪಕ್ಕ ಕಿಡಿ ಹಾರಿದ್ರೆ ಮನೆಯೇ ಹೋಗ್ತಿತ್ತು!"

ರುದ್ರಮ್ಮ ಅವನ ಕೈ ಹಿಡಿದುಕೊಂಡರು. "ಇನ್ನ ಮಾಡಂಗಿಲ್ಲ. ಆದ್ರ ಆಕಿಗೆ ಹೇಳಬ್ಯಾಡೋ. ನಾನs ಇದನ್ನ ಮಾಡೀನಿ ಅಂತ ತಿಳಿದ್ರ ಆಕಿ ಕೆಲಸ ಬಿಟ್ಟು ನನ್ನ ಕಾವಲಿಗೆ ಕೂಡ್ತಾಳ. ಮೊದ್ಲs ಆಕಿದು ಅನ್ನೂದು ಏನೂ ಉಳದಿಲ್ಲ."

ಅವನು ಫಿಲ್ಟರನ್ನು ಚೀಲಕ್ಕೆ ಹಾಕಿಕೊಂಡ. ಹೇಳಲ್ಲಮ್ಮಾ ಎಂದು ಮಾತು ಕೊಟ್ಟು ಬಂದ.

ಸಂಜೆ ಸ್ಪೂರ್ತಿ ಅಂಗಡಿಗೇ ಬಂದಳು. ಕೌಂಟರಿನ ಆಚೆ ನಿಂತು, "ಬಿಚ್ಚಿದ್ರಾ?" ಎಂದಳು.

"ಬಿಚ್ಚಿದೆ. ವಾಲ್ವ್ ಸರಿಯಾಗಿದೆ. ಫಿಲ್ಟರ್ ಕಟ್ಕೊಂಡಿತ್ತು. ಆದ್ರೆ ತಪ್ಪು ನಂದೇ ಮೇಡಂ. ನಮ್ಮ ವಾಲ್ವ್‌ಗೂ ಅದೇ ಕೂಗು, ಆಕ್ಸಿಜನ್ ಕಡಿಮೆ ಆದ್ರೂ ಅದೇ ಕೂಗು. ಅದು ನಂಗೆ ಗೊತ್ತಿತ್ತು. ಗೊತ್ತಿದ್ದೂ ತಲೆ ಕೆಡಿಸ್ಕೋಬೇಡಿ ಅಂದೆ. ನೀವು ಹೆದರಿದ್ದು ನೋಡೋಕಾಗ್ಲಿಲ್ಲ, ಅದಕ್ಕೆ ಅಂದ್ಬಿಟ್ಟೆ."

ಒಂದೇ ಉಸಿರಿಗೆ ಹೇಳಿ ಅವನು ತಲೆ ತಗ್ಗಿಸಿದ.

"ಹೊಸ ಫಿಲ್ಟರ್ ಇಷ್ಟು ಬೇಗ ಯಾಕೆ ಕಟ್ಕೊಳ್ತು?"

"ಧೂಳು. ವೈಟ್‌ಫೀಲ್ಡ್ ಧೂಳು ಗೊತ್ತಲ್ಲ."

ಬೆಂಚಿನ ಮೇಲಿದ್ದ ಫಿಲ್ಟರನ್ನು ಅವಳು ಕೈಗೆತ್ತಿಕೊಂಡಳು. ಶಶಿ ತಡೆಯುವಷ್ಟರಲ್ಲಿ ಮೂಗಿಗೆ ಹಿಡಿದಾಗಿತ್ತು. ಅವಳ ಹುಬ್ಬು ಮೇಲೇರಿತು. ಮತ್ತೊಮ್ಮೆ ಮೂಸಿ ನೋಡಿದಳು.

"ವೈಟ್‌ಫೀಲ್ಡ್ ಧೂಳು ಲೋಬಾನದ ವಾಸನೆ ಬರತ್ತಾ?"

ಅವನು ಮೇಜಿನ ಮೇಲಿನ ಸ್ಕ್ರೂಗಳನ್ನು ಜೋಡಿಸತೊಡಗಿದ.

"ಅವ್ವ!" ಎಂದಳು ಸ್ಪೂರ್ತಿ. ನಕ್ಕಳು, ನಗುತ್ತಲೇ ಅತ್ತಳು. "ಧೂಪ ನಿಲ್ಲಿಸಿದ್ದು ನಾನು. ಬಾಲ್ಕನಿಯಲ್ಲಿ ಹಚ್ಚು, ನಾನು ಪಕ್ಕದಲ್ಲಿ ಕೂತಿರ್ತೀನಿ ಅಂತ ಒಂದ್ಸಲ ಅಂದಿದ್ರೆ ಆಗ್ತಿತ್ತು. ಬರೀ ಬೇಡ ಬೇಡ ಅಂದೆ." ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. "ಆಸ್ಪತ್ರೇಲಿ ಅಷ್ಟು ಮಾತು ಕೇಳಿದ್ರಿ. ಇದು ಗೊತ್ತಾದ್ಮೇಲೂ ಯಾಕೆ ಹೇಳ್ಲಿಲ್ಲ?"

"ಮಾತು ಕೊಟ್ಟಿದ್ದೆ."

ಆ ಮಾತಿಗೆ ಅವಳ ನೋಟ ಮೆತ್ತಗಾಯಿತು. ಎಷ್ಟು ಮೆತ್ತಗಾಯಿತೆಂದರೆ ಶಶಿಗೆ ಎದೆಯೊಳಗೆ ನೋವೇ ಆಯಿತು.

"ಬಾಡಿಗೆ ಮಷೀನ್ ಸೋಮವಾರ ವಾಪಸ್ ಕೊಡ್ಬೇಕು. ಬೇರೆ ಪೇಷಂಟ್ ಕಾಯ್ತಿದ್ದಾರೆ. ಡಾಕ್ಟರ್‌ನ ಕೇಳ್ದೆ. ವಾಲ್ವ್ ಯಾರ್ದಾದ್ರೂ ಆಗ್ಲಿ, ಬರೋ ಆಕ್ಸಿಜನ್ ಅಳತೆ ಸರಿಯಿದ್ರೆ ಆಯ್ತು ಅಂದ್ರು. ಇದನ್ನ ಜೋಡಿಸಿ ಕೊಡಿ ಶಶಿ."

"ನನ್ನ ಕೈಯಲ್ಲಿ ಆಗಲ್ಲ."

"ವಾಲ್ವ್ ಸರಿಯಿದೆ ಅಂದ್ರಿ."

"ವಾಲ್ವ್ ಸರಿಯಿದೆ. ನಾನು ಸರಿಯಿಲ್ಲ. ನಂಗೆ ಭಯ ಮೇಡಂ. ಅಮ್ಮನ ತುಟಿ ನೀಲಿ ಆಗಿದ್ದು ಕಣ್ಮುಂದೇನೇ ಇದೆ."

"ನನ್ನ ಕಣ್ಮುಂದೆನೂ ಇದೆ." ಅವಳು ಕೌಂಟರ್ ದಾಟಿ ಒಳಗೆ ಬಂದು ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು. "ಭಯ ಇಲ್ಲದವನ ಕೈಗೆ ನಮ್ಮವ್ವನ ಉಸಿರು ಕೊಡೋಕೆ ನಂಗೆ ಮನಸ್ಸಿಲ್ಲ. ಟಾರ್ಚ್ ಹಿಡೀತೀನಿ, ಜೋಡಿಸಿ."

ಅವನು ಜೋಡಿಸಿದ. ಹೊಸ ಫಿಲ್ಟರ್ ಹಾಕಿದ. ಈ ಸಲ ಮಷೀನಿನ ಹೊರಗೆ ಬೇರೆಯದೇ ಒಂದು ಆಕ್ಸಿಜನ್ ಅಳೆಯುವ ಡಬ್ಬಿ ಕೂರಿಸಿದ. ಆಕ್ಸಿಜನ್ ಇಳಿದರೆ ಮಾತ್ರ ಅದು ಬಾಯಿ ಮಾಡುತ್ತದೆ, ಜೊತೆಗೆ ಅವಳ ಫೋನನ್ನೂ ಅವನ ಫೋನನ್ನೂ ಕೂಗಿಸುತ್ತದೆ. ಟಾರ್ಚಿನ ಬೆಳಕು ಒಮ್ಮೊಮ್ಮೆ ಮಷೀನು ಬಿಟ್ಟು ಅವನ ಸುಲಿದ ಅಂಗೈ ಮೇಲೆ ನಿಲ್ಲುತ್ತಿತ್ತು. ಅವನು ನೋಡಿದರೆ ತಕ್ಷಣ ಸರಿಯುತ್ತಿತ್ತು.

ಭಾನುವಾರ ಬೆಳಗ್ಗೆ. ಬಾಲ್ಕನಿಯಲ್ಲಿ ಮಗಳ ಕಾವಲಿನಲ್ಲಿ ರುದ್ರಮ್ಮನ ಪೂಜೆ ಮುಗಿದಿತ್ತು. ಕೋಣೆಯಲ್ಲಿ ಎರಡೂ ಮಷೀನುಗಳು ಪಕ್ಕಪಕ್ಕದಲ್ಲಿ ನಿಂತಿದ್ದವು, ಹಿಂದೆ ತುಂಬಿದ ಸಿಲಿಂಡರ್. ರುದ್ರಮ್ಮನ ಬೆರಳಿಗೆ ರಕ್ತದ ಆಕ್ಸಿಜನ್ ತೋರಿಸುವ ಪುಟ್ಟ ಮೀಟರ್ ಸಿಕ್ಕಿಸಿದ್ದರು. ಬಾಡಿಗೆಯ ಪೈಪನ್ನು ಬಿಚ್ಚಿ ಶಶಿಯ ಮಷೀನಿನ ಪೈಪು ಹಾಕಬೇಕು, ಅಷ್ಟೇ ಕೆಲಸ. ಶಶಿಯ ಕೈ ಸ್ವಿಚ್ಚಿನ ಮೇಲೆ ಹೋಗಿ ಅಲ್ಲೇ ನಿಂತುಬಿಟ್ಟಿತು.

"ಅಮ್ಮಾ, ಬೇಕಾದ್ರೆ ಇನ್ನೊಂದಿನ ನೋಡೋಣ. ಬೇರೆ ಕಡೆ ಬಾಡಿಗೆಗೆ ಸಿಗತ್ತೇನೋ ಕೇಳ್ತೀನಿ."

ರುದ್ರಮ್ಮ ತಾವೇ ಬಾಡಿಗೆಯ ಪೈಪನ್ನು ಮೂಗಿನಿಂದ ಕಿತ್ತುಹಾಕಿದರು. "ನಾ ಹೇಳೇನಿ ಮಗಳಿಗೆ ಎಲ್ಲಾ. ಮುಚ್ಚಿಡೂದು ಸಾಕಾತು. ಹಚ್ಚು ತಮ್ಮಾ, ನನಗ ಉಸಿರು ಬೇಕು."

ಪುಟ್ಟ ಮೀಟರಿನಲ್ಲಿ ಅಂಕಿ ಇಳಿಯತೊಡಗಿತು. ಎಂಬತ್ತೊಂಬತ್ತು. ಎಂಬತ್ತೇಳು. ಶಶಿಯ ಬೆರಳು ಕಲ್ಲಾಗಿತ್ತು. ಸ್ಪೂರ್ತಿ ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಮಷೀನು ಗುರ್ರೆಂದಿತು. ಅವನು ಪೈಪನ್ನು ರುದ್ರಮ್ಮನ ಮೂಗಿಗೆ ಸಿಕ್ಕಿಸಿ, ಕಿವಿಯ ಹಿಂದೆ ಸರಿಮಾಡಿ, ಮೊಣಕಾಲೂರಿ ಕೂತ. ಅವಳೂ ಪಕ್ಕದಲ್ಲಿ ಮೊಣಕಾಲೂರಿದಳು. ನಾಲ್ಕು ಕಣ್ಣೂ ಆ ಪುಟ್ಟ ಮೀಟರಿನ ಮೇಲೆ.

ಎಂಬತ್ತಾರು. ಅಂಕಿ ಕದಲಲಿಲ್ಲ.

"ಸ್ಪೂರ್ತಿ" ಎಂದ ಅವನು. ಮೇಡಂ ಎನ್ನುವುದು ಮರೆತೇ ಹೋಗಿತ್ತು. ಇದು ಏರದಿದ್ದರೆ ಇನ್ನೆಂದೂ ಹೇಳಲಾಗುವುದಿಲ್ಲ ಎಂಬ ಭಯದಲ್ಲಿ ಮಾತು ತಾನಾಗಿಯೇ ಹೊರಟಿತು. "ನಂಗೆ ನೀವಂದ್ರೆ ಪ್ರಾಣ. ನಿಮ್ಮ ಮನೆಯಿಂದ ಹೋದ ಮೇಲೂ ನಾನು ಇಲ್ಲೇ ಇರ್ತೀನಿ. ಹೇಳೋಕೆ ಭಯ ಆಗ್ತಿತ್ತು."

"ಎಂಬತ್ತೆಂಟು" ಎಂದಳು ಅವಳು, ಮೀಟರಿನಿಂದ ಕಣ್ಣು ತೆಗೆಯದೆ. "ನಂಗೂ ಭಯ ಶಶಿ. ದಿನಾ ಒಬ್ಳೇ ಹೆದರಿ ಹೆದರಿ ಸಾಕಾಗಿದೆ. ಹೆದರೋದಾದ್ರೆ ಇಬ್ರೂ ಒಂದೇ ಮನೇಲಿ ಕೂತು ಹೆದರೋಣ."

ತೊಂಬತ್ತು. ತೊಂಬತ್ತೆರಡು. ಅಂಕಿ ಅಲ್ಲಿಗೆ ಬಂದು ನಿಂತಿತು. ಇಬ್ಬರಿಗೂ ಕಣ್ಣೆತ್ತಿ ಒಬ್ಬರನ್ನೊಬ್ಬರು ನೋಡುವ ಧೈರ್ಯ ಬರಲಿಲ್ಲ.

"ಉಸಿರು ಈಗ ಬರಾಕತ್ತೈತಿ" ಎಂದರು ರುದ್ರಮ್ಮ ಮೇಲಿನಿಂದ. "ಕಿವಿ ಮೊದ್ಲಿಂದಾನೂ ಚಲೋ ಅದಾವು ನನಗ."

ಸ್ಪೂರ್ತಿ ಹಾಸಿಗೆಯ ಅಂಚಿಗೆ ಮುಖ ಒತ್ತಿಕೊಂಡಳು. ಅವಳ ಕಿವಿಯ ತುದಿ ಕೆಂಪಾಗಿದ್ದನ್ನು ಶಶಿ ಮೊದಲ ಸಲ ನೋಡಿದ.

"ನಿಮ್ಮಪ್ಪಗ ನಾಳೆ ಬರಾಕ ಹೇಳು ತಮ್ಮಾ. ನೀವು ಗೌಡ್ರು, ನಿಮ್ಮ ಮನ್ಯಾಗ ಕೋಳಿ ಬೇಯ್ತೈತಿ ಅಂತ ಗೊತ್ತು. ನಮ್ಮ ರುದ್ರೇಶ ಹಾರಾಡ್ತಾನ, ಅದೂ ಗೊತ್ತು. ಹಾರಾಡ್ಲಿ. ನನ್ನ ಬೆನ್ನಿಗೆ ಕೈ ಕೊಟ್ಟು ಎತ್ತಿ ಕುಂದ್ರಿಸಿದಾಂವ ನೀನು. ಮಾತಾಡೂದು ನಾ ಮಾತಾಡ್ತೀನಿ."

ಗೋಪಾಲಪ್ಪನ ಕೆಮ್ಮು ನೆನಪಾಗಿ ಶಶಿಕುಮಾರನ ಎದೆ ಧಸಕ್ಕೆಂದಿತು. ಅಪ್ಪನ ಮುಂದೆ ನಿಂತು ಇದನ್ನು ಹೇಳಬೇಕು, ಇವತ್ತೇ ಹೇಳಬೇಕು. ಅವನ ಕೈ ತಣ್ಣಗಾಯಿತು. ಸ್ಪೂರ್ತಿ ಮುಖ ಎತ್ತದೆಯೇ ತಡಕಾಡಿ ಆ ಕೈಯನ್ನು ಹಿಡಿದುಕೊಂಡಳು. ಅವಳದ್ದೂ ತಣ್ಣಗೇ ಇತ್ತು. ಈ ಸಲ ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಹೇಳ್ತೀನಿ ಅಮ್ಮಾ" ಎಂದ.